ಪತ್ರಿಕಾ ಪ್ರಕಟಣೆಯ ಮೊದಲ ಪಾಠ

ಸಾರ್ವಜನಿಕ ಸಂಪರ್ಕ ಸಂಸ್ಥೆಗೆ ತರಬೇತಿಗೆಂದು ಸೇರುವ ಹೊಸಬರಿಗೆ ಮೊದಲು ಸಿಗುವುದು ಸಣ್ಣಪುಟ್ಟ ಕೆಲಸಗಳೇ. ಬೆಳಿಗ್ಗೆ ಪತ್ರಿಕೆಗಳನ್ನು ಜಾಲಾಡಿ ಗ್ರಾಹಕ ಕಂಪೆನಿಯ ಸುದ್ದಿಗಳನ್ನು ಆಯ್ದಿಡುವುದು, ಪತ್ರಿಕಾ ಪ್ರಕಟಣೆಯ ಕರಡು ಬರೆಯುವುದು, ಅದು ಸುದ್ದಿಮನೆ ತಲುಪಿತೇ ಎಂದು ದೂರವಾಣಿಯಲ್ಲಿ ವಿಚಾರಿಸುವುದು. ಈ ಪ್ರಕಟಣೆಗೂ ಒಂದು ಇತಿಹಾಸವಿದೆ.

1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲೊಂದು ಸೇತುವೆಯಿಂದ ನೀರಿಗುರುಳಿ 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತಗಳನ್ನು ಮುಚ್ಚಿಡುವುದು ಅಂದಿನ ರೈಲ್ವೆ ಕಂಪೆನಿಗಳ ರೂಢಿ. ಹಿಂದೆ ವರದಿಗಾರನಾಗಿದ್ದ ಐವಿ ಲೀ, ಪೆನ್ಸಿಲ್ವೇನಿಯಾ ರೈಲ್‌ರೋಡ್ ಪರವಾಗಿ ತಾನೇ ವಿವರ ಬರೆದು ಪತ್ರಿಕೆಗಳಿಗೆ ಹಂಚಿದ. ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಇದ್ದಂತೆಯೇ ಪ್ರಕಟಿಸಿತು. ಆಧುನಿಕ ಪತ್ರಿಕಾ ಪ್ರಕಟಣೆಯ ಆರಂಭವನ್ನು ಹಲವರು ಇಲ್ಲಿ ಗುರುತಿಸುತ್ತಾರೆ.

ಅದೇ ಲೀ 1914ರಲ್ಲಿ, ಕೊಲೊರಾಡೊ ಗಣಿ ಮುಷ್ಕರದ ವೇಳೆ, ರಾಕ್‌ಫೆಲ್ಲರ್ ಪರವಾಗಿ ಹೊರಡಿಸಿದ ಪ್ರಕಟಣೆಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ಹಲವು ಪಟ್ಟು ಹಿಗ್ಗಿಸಲಾಗಿತ್ತು. ಗಣಿ ಮಾಲೀಕರು ಕೊಟ್ಟ ಮಾಹಿತಿಯನ್ನು ತಾನು ಪರಿಶೀಲಿಸಿರಲಿಲ್ಲವೆಂದು ವಿಚಾರಣಾ ಆಯೋಗದ ಮುಂದೆ ಆತ ಒಪ್ಪಿಕೊಂಡ.

ಅಚ್ಚಾದ ಸುದ್ದಿಯ ಹಿಂದೆ ಯಾರ ಕೈ ಇದೆಯೆಂದು ಓದುಗನಿಗೆ ಕಾಣುವುದಿಲ್ಲ. ಹಾಗಾಗಿ ಕರಡು ಬರೆಯಲು ಕುಳಿತ ಹೊಸಬರು ಮೊದಲು ಕೇಳಬೇಕಾದ ಪ್ರಶ್ನೆ, ಈ ಅಂಕಿ ಎಲ್ಲಿಂದ ಬಂತು ಎಂಬುದು.