ನಾಲ್ಕು ಸಾಲಿನ ಫಲಕಕ್ಕಾಗಿ

ಕೋಲಾರದ ಚಿನ್ನದ ಗಣಿ (ಕೆಜಿಎಫ್) ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಊರಿನ ನೆನಪು ಅಲ್ಲಷ್ಟೇ ಉಳಿಯಲಿಲ್ಲ. ಕೆಲಸ ಹುಡುಕಿ ಹೊರಟವರ ಜೊತೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೂ ಬಂತು. ಸಂಸ್ಥೆಗಳೂ ಹೀಗೆ ವಲಸೆ ಬಂದಿವೆ. 1988ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಶುರುವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಈಗಿರುವುದು ಬನಶಂಕರಿ ಎರಡನೇ ಹಂತದಲ್ಲಿ. ಹಾಗಾಗಿ ಕೆಜಿಎಫ್‌ನ ಚರಿತ್ರೆಯನ್ನು ದಕ್ಷಿಣ ಬೆಂಗಳೂರಿನಲ್ಲಿ ಕೂತು ಹುಡುಕುವುದು ಅಸಂಗತವೇನಲ್ಲ.

ಗಣಿ ಕುಟುಂಬಗಳ ಪೆಟ್ಟಿಗೆಗಳಲ್ಲಿರುವ ಸಂಬಳದ ಚೀಟಿ, ಯೂನಿಯನ್ ರಸೀದಿ, ತಲೆಗೆ ಕಟ್ಟುವ ದೀಪ ಎಲ್ಲ ಒಂದು ಮ್ಯೂಸಿಯಂ ಸೇರಬೇಕು ಎಂಬುದು ನನ್ನ ಬಹುದಿನದ ಆಸೆ. ಸೇರಿದರೆ ಪ್ರತಿ ವಸ್ತುವಿನ ಕೆಳಗೆ ಒಂದು ಫಲಕ ಬೇಕು. ನಾಲ್ಕೇ ಸಾಲು; ಆದರೆ ಅದರಲ್ಲಿ ಬರೆದದ್ದನ್ನು ಶಾಲಾ ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ದೀಪದ ಫಲಕದಿಂದಲೇ ಆರಂಭಿಸಿದೆ.

ಕೆಜಿಎಫ್‌ನವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: ಏಷ್ಯಾದಲ್ಲಿ ಜಪಾನ್ ಬಿಟ್ಟರೆ ಕರೆಂಟ್ ಬಂದದ್ದು ನಮ್ಮೂರಿಗೇ. ಇದರ ಬೆನ್ನುಹತ್ತಿದರೆ ಶಿವನಸಮುದ್ರದ ವಿದ್ಯುತ್ 1902ರ ಜೂನ್‌ನಲ್ಲಿ ಗಣಿಗೆ ತಲುಪಿದ್ದು ಸರಿಯಾಗಿಯೇ ಸಿಗುತ್ತದೆ. ಆದರೆ ಡಾರ್ಜಿಲಿಂಗ್‌ನ ಸಿದ್ರಾಪೋಂಗ್ ಜಲವಿದ್ಯುತ್ ಕೇಂದ್ರ 1897ರದು. ಕಲ್ಕತ್ತೆಗೆ ವಿದ್ಯುತ್ ಬಂದದ್ದು 1899ರಲ್ಲಿ. ದೇಶದೊಳಗೇ ಎರಡು ಊರುಗಳು ಮುಂದಿರುವಾಗ ಏಷ್ಯಾದ ಮಾತು ನಿಲ್ಲುವುದಿಲ್ಲ. ಒಂದು ಸಾಲು ಹೋಯಿತು.

ಇನ್ನೊಂದು ಮಾತು: ಶಿವನಸಮುದ್ರದಿಂದ ಕೆಜಿಎಫ್‌ವರೆಗಿನ 147 ಕಿ.ಮೀ. ತಂತಿ ಆಗ ಜಗತ್ತಿನಲ್ಲೇ ಅತಿ ಉದ್ದದ್ದು. ಬರಹದಿಂದ ಬರಹಕ್ಕೆ ನಕಲಾಗುತ್ತ ಬಂದಿರುವ ಮಾತಿದು. ಕ್ಯಾಲಿಫೋರ್ನಿಯಾದ ಕೋಲ್ಗೇಟ್ ಕೇಂದ್ರದಿಂದ ಓಕ್ಲೆಂಡ್‌ಗೆ ಎಳೆದ ತಂತಿ 142 ಮೈಲಿ. ಅದು 1901ರಲ್ಲೇ ಸಿದ್ಧವಾಗಿತ್ತು. ನಮ್ಮದು ಸುಮಾರು 91 ಮೈಲಿ. ಜಗತ್ತಿನ ಅತಿ ಉದ್ದದ ತಂತಿಗಳ ಸಾಲಿನಲ್ಲಿತ್ತು ಎನ್ನಬಹುದು, ಎಲ್ಲಕ್ಕಿಂತ ಉದ್ದವೆನ್ನಲಾಗದು. ಎರಡನೇ ಸಾಲೂ ಹೋಯಿತು. ಊರಿನವರ ಹೆಮ್ಮೆಯನ್ನು ಒಂದೊಂದಾಗಿ ಕೀಳುತ್ತಿದ್ದೇನೆಯೇ ಎಂದು ಮನಸ್ಸಿಗೆ ಬೇಸರವಾದದ್ದು ನಿಜ.

ಆಗ ಆ 147 ಎಂಬ ಅಂಕಿಯನ್ನೇ ಮತ್ತೆ ನೋಡಿದೆ. ಭೂಪಟದಲ್ಲಿ ಶಿವನಸಮುದ್ರಕ್ಕೂ ಕೆಜಿಎಫ್‌ಗೂ ನೇರ ಗೆರೆ ಎಳೆದರೆ ಸುಮಾರು 140 ಕಿ.ಮೀ. ಬೆಂಗಳೂರಿನ ಮೇಲೆ ಹಾಯಿಸಿ ಎಳೆದರೆ, ಎಲ್ಲೂ ಸೊಟ್ಟಗಾಗದಿದ್ದರೂ, ಸುಮಾರು 160. ಅಂದರೆ 147 ಕಿ.ಮೀ. ತಂತಿ ಬೆಂಗಳೂರನ್ನು ಮುಟ್ಟಿ ಹೋಗಿರಲು ಸಾಧ್ಯವೇ ಇಲ್ಲ. ನೇರ ಗೆರೆ ನಗರವನ್ನು ನಲವತ್ತು ಕಿ.ಮೀ. ಆಚೆಗೆ ಬಿಟ್ಟು ಕನಕಪುರದ ಕಡೆಯಿಂದ ಹಾದುಹೋಗುತ್ತದೆ. ಯಾವ ಕಡತವನ್ನೂ ನಂಬಬೇಕಿಲ್ಲ. ಅಳತೆಗೋಲು ಇದ್ದರೆ ಯಾರು ಬೇಕಾದರೂ ಪರೀಕ್ಷಿಸಬಹುದು.

ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಮೈಸೂರು ಸಂಸ್ಥಾನದ ದೊಡ್ಡ ನಗರ ಮೂರು ವರ್ಷ ಕಾಯಿತು, ಗಣಿ ಕಾಯಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಗಣಿಗಳು ಆಳಕ್ಕೆ ಇಳಿದಷ್ಟೂ ಅದಿರು ಎತ್ತಲು, ನೀರು ಹೊರಹಾಕಲು, ಕಲ್ಲು ಕುಟ್ಟಲು ಹೆಚ್ಚು ಶಕ್ತಿ ಬೇಕು. ಉಗಿಯಂತ್ರಕ್ಕೆ ಸುಡುವ ಸೌದೆ, ಕಲ್ಲಿದ್ದಲಿಗೆ ದುಡ್ಡು ಸುರಿಯಬೇಕು. ಸರ್ಕಾರಕ್ಕೂ ಅಷ್ಟು ದೊಡ್ಡ ಖಾಯಂ ಗಿರಾಕಿ ಬೇರೆಲ್ಲಿ? ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಆ ಯೋಜನೆಗೆ ಗಣಿಯೇ ಕಾರಣ ಮತ್ತು ಗುರಿ. ‘ಏಷ್ಯಾದಲ್ಲೇ ಮೊದಲು’ ಎನ್ನುವುದಕ್ಕಿಂತ ಇದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ: ಬೆಂಗಳೂರಿನ ಬೆಳಕು ಕೆಜಿಎಫ್‌ಗಾಗಿ ಹುಟ್ಟಿದ ವಿದ್ಯುತ್ತಿನ ಪಾಲು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಗಣಿಗೆ ಕರೆಂಟ್ ಬಂತು ಎಂದರೆ ಕೂಲಿ ಲೈನಿನ ಮನೆಗಳಿಗೆ ಬಂತು ಎಂದಲ್ಲ. ಕಂಪನಿಯ ಲೆಕ್ಕ ಅಶ್ವಶಕ್ತಿಯಲ್ಲಿ ಮಾತಾಡುತ್ತದೆ. ಕೆಲಸಗಾರ ಅಲ್ಲಿ ಕಾಣಿಸಿಕೊಳ್ಳುವುದು ಎಣಿಕೆಗೆ, ನಿಗಾಕ್ಕೆ. 1930ರಲ್ಲಿ ಬೆರಳಚ್ಚು ದಾಖಲಾತಿಯನ್ನು ಕಡ್ಡಾಯ ಮಾಡಿದಾಗ ಕಾರ್ಮಿಕರೆಲ್ಲ ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ. ಮನೆಯೊಳಗಿನ ಕತ್ತಲೆ ಯಾವಾಗ ಹೋಯಿತು ಎಂಬುದಕ್ಕೆ ಸಾಕ್ಷಿ ಮನೆಯವರೇ ಕೊಡಬೇಕು.

ಸದ್ಯಕ್ಕೆ ಫಲಕ ಹೀಗಿದೆ: ‘ಶಿವನಸಮುದ್ರದ ವಿದ್ಯುತ್ 1902ರಲ್ಲಿ ಈ ಗಣಿಗಳಿಗೆ ಬಂತು. ತಂತಿಯ ಉದ್ದ 147 ಕಿ.ಮೀ. ಬೆಂಗಳೂರಿನ ಬೀದಿದೀಪಕ್ಕಿಂತ ಇದು ಮೂರು ವರ್ಷ ಮೊದಲು.’ ನಾಲ್ಕನೇ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಜೆ.ಪಿ. ನಗರದಲ್ಲೋ ಬಿಟಿಎಂನಲ್ಲೋ ನೆಲೆಸಿರುವ ಗಣಿ ಕುಟುಂಬದ ಹಿರಿಯರನ್ನು ಕೇಳಬೇಕಾದ್ದು ಇಷ್ಟು: ನಿಮ್ಮ ಲೈನ್ ಮನೆಗೆ ಕರೆಂಟ್ ಯಾವ ವರ್ಷ ಬಂತು, ಅದಕ್ಕೆ ಮುಂಚೆ ಯಾವ ದೀಪ ಉರಿಯುತ್ತಿತ್ತು, ಅದು ಈಗ ಯಾರ ಮನೆಯಲ್ಲಿದೆ?