ಕಾಲಯಾನದ ಧಾರಾವಾಹಿಗೆ ತಂದೆ ಯಾರು?

ಬೋರನಕಣಿವೆಯ ಜಲಾಶಯವನ್ನು ಕಟ್ಟಿದವರು ಯಾರೆಂದು ಕೇಳಿದರೆ ನಾವು ಮೈಸೂರು ಅರಸರ ಹೆಸರು ಹೇಳಿ ಸುಮ್ಮನಾಗುತ್ತೇವೆ. ಸುವರ್ಣಮುಖಿಗೆ ಅಡ್ಡಲಾಗಿ ಕಲ್ಲು ಹೊತ್ತವರ, ಮಣ್ಣು ಹಾಕಿದವರ ಹೆಸರು ಕೇಳುವವರಿಲ್ಲ. ಚರಿತ್ರೆಗೆ ಇದು ಹಳೆಯ ಚಾಳಿ. ಬ್ರಿಟನ್ನಿನ ಒಂದು ವೈಜ್ಞಾನಿಕ ಧಾರಾವಾಹಿಯ ಅಭಿಮಾನಿಗಳು ಇದೇ ಪ್ರಶ್ನೆಯನ್ನು ದಶಕಗಳಿಂದ ಜಗ್ಗಾಡುತ್ತಾ ಬಂದಿದ್ದಾರೆ. ಅದರಲ್ಲಿ ಲಕ್ನೋದ ಮುಸ್ಲಿಂ ಮನೆತನದ ಯುವಕನೊಬ್ಬನ ಹೆಸರೂ ಇರುವುದರಿಂದ ನಾವು ಅತ್ತ ಕಿವಿಗೊಡುವುದು ಒಳ್ಳೆಯದು.

ಧಾರಾವಾಹಿಯ ಹೆಸರು 'ಡಾಕ್ಟರ್ ಹೂ'. ಪೊಲೀಸ್ ಪೆಟ್ಟಿಗೆಯಂತೆ ಕಾಣುವ ವಾಹನದಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡುವ ಒಬ್ಬ ವಿಚಿತ್ರ ಮುದುಕನ ಕಥೆಯಾಗಿ ಅದು ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಆರಂಭವಾಯಿತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಆ ಗದ್ದಲದಲ್ಲಿ ಮೊದಲ ಕಂತನ್ನು ನೋಡದೆ ಹೋದವರಿಗಾಗಿ ಮರುವಾರ ಅದನ್ನೇ ಮತ್ತೊಮ್ಮೆ ತೋರಿಸಬೇಕಾಯಿತು. 1989ರವರೆಗೆ ಓಡಿದ ಧಾರಾವಾಹಿ 2005ರಲ್ಲಿ ಪುನಃ ಶುರುವಾಯಿತು.

ಇದರ ಜನಕ ಯಾರು? ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಕೆನಡಾದ ಸಿಡ್ನಿ ನ್ಯೂಮನ್ ಎಂಬುದು ರೂಢಿಯ ಉತ್ತರ. ಆದರೆ ಕಡತಗಳನ್ನು ಕೆದಕಿದ ಅಭಿಮಾನಿಗಳು ಬೇರೆಯೇ ಮಾತು ಹೇಳುತ್ತಾರೆ. ನ್ಯೂಮನ್ ಬರುವ ಮೊದಲೇ, 1962ರಲ್ಲಿ, ವೈಜ್ಞಾನಿಕ ಕಥೆಗಳು ಕಿರುತೆರೆಗೆ ಒಗ್ಗುತ್ತವೆಯೇ ಎಂದು ಬಿಬಿಸಿಯ ಕಥಾ ವಿಭಾಗದವರು ವರದಿ ಬರೆದಿದ್ದರು. ಆಮೇಲೆ ಡೊನಾಲ್ಡ್ ವಿಲ್ಸನ್, ಸಿ.ಇ. ವೆಬರ್ ಅದಕ್ಕೆ ರೂಪ ಕೊಟ್ಟರು. ಮೊದಲ ಕಥೆ ಬರೆದವರು ಆಸ್ಟ್ರೇಲಿಯಾದ ಆಂಥನಿ ಕೋಬರ್ನ್. ಹಾಳೆಯ ಮೇಲಿದ್ದುದನ್ನು ತೆರೆಗೆ ತರುವ ಹೊಣೆ ಮಾತ್ರ ಇಬ್ಬರು ಹೊರಗಿನವರ ಹೆಗಲಿಗೆ ಬಿತ್ತು: 27ರ ಹರೆಯದ ಯಹೂದಿ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಮತ್ತು 24ರ ನಿರ್ದೇಶಕ ವಾರಿಸ್ ಹುಸೇನ್.

ವಾರಿಸ್ ಹುಟ್ಟಿದ್ದು 1938ರಲ್ಲಿ ಲಕ್ನೋದಲ್ಲಿ. ಎಂಟು ವರ್ಷದ ಬಾಲಕನಾಗಿ ಇಂಗ್ಲೆಂಡಿಗೆ ಬಂದರು. ತಾಯಿ ಅತಿಯಾ ಹುಸೇನ್ ಅವಧ್‌ನ ತಾಲೂಕುದಾರ ಮನೆತನದ ಮಗಳು. ದೇಶ ಎರಡಾದಾಗ ಬ್ರಿಟನ್ನಿನಲ್ಲೇ ಉಳಿದು ಬಿಬಿಸಿಯ ಪೂರ್ವ ವಿಭಾಗದಲ್ಲಿ ಕೆಲಸ ಮಾಡಿದ ಲೇಖಕಿ. ವಿಭಜನೆಯ ನೋವನ್ನೊಳಗೊಂಡ ಅವರ ಇಂಗ್ಲಿಷ್ ಕಾದಂಬರಿ 'ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್' ಪ್ರಕಟವಾದದ್ದು 1961ರಲ್ಲಿ. ಅಂಥ ತಾಯಿಯ ಮಗ ಕೇಂಬ್ರಿಜ್‌ನಲ್ಲಿ ಓದಿ, ಬಿಳಿಯ ಗಂಡಸರೇ ತುಂಬಿದ್ದ ಸಂಸ್ಥೆಯಲ್ಲಿ ನಿರ್ದೇಶಕನಾಗಿದ್ದ.

ಲೈಮ್ ಗ್ರೋವ್‌ನ ಇಕ್ಕಟ್ಟಾದ, ಹಳೆಯ ಸ್ಟುಡಿಯೋದಲ್ಲಿ ಸೆಪ್ಟೆಂಬರಿನಲ್ಲಿ ಚಿತ್ರಿಸಿದ ಮೊದಲ ಕಂತು ನ್ಯೂಮನ್‌ಗೆ ಹಿಡಿಸಲಿಲ್ಲ. ಇನ್ನೊಮ್ಮೆ ಮಾಡಿ ಎಂದರು. ಅಕ್ಟೋಬರಿನಲ್ಲಿ ಅದನ್ನೇ ಹೊಸದಾಗಿ ಚಿತ್ರಿಸಲಾಯಿತು. ಎರಡನ್ನೂ ನೋಡಿದವರಿಗೆ ಎರಡನೆಯದರಲ್ಲಿ ಮುದುಕನ ಸಿಡುಕು ಇಳಿದಿರುವುದು ತಿಳಿಯುತ್ತದೆ. ಮರುವರ್ಷ ಮಾರ್ಕೊ ಪೋಲೊ ಕುಬ್ಲಾಯ್ ಖಾನನ ಆಸ್ಥಾನಕ್ಕೆ ಹೋಗುವ ಏಳು ಕಂತುಗಳ ಕಥೆಯಲ್ಲಿ ಆರನ್ನು ವಾರಿಸ್ ನಿರ್ದೇಶಿಸಿದರು.

ನಮ್ಮವರೆಂಬ ಅಭಿಮಾನದಿಂದ ವಾರಿಸ್ ಅವರನ್ನೇ ಜನಕರೆಂದು ಕೂರಿಸಿದರೆ ಅದೂ ಅರಸರ ಹೆಸರು ಹೇಳಿದಂತೆಯೇ. ಶೀರ್ಷಿಕೆ ಸಂಗೀತದ ಸಂಗತಿಯನ್ನೇ ನೋಡಿ. ರಾಗ ರಾನ್ ಗ್ರೇನರ್ ಅವರದು. ಆದರೆ ವಾದ್ಯವೃಂದವಿಲ್ಲದೆ, ಟೇಪಿನ ತುಂಡುಗಳನ್ನು ಕತ್ತರಿಸಿ ಅಂಟಿಸಿ ಆ ವಿಲಕ್ಷಣ ನಾದವನ್ನು ಹೊರಡಿಸಿದ ಡೀಲಿಯಾ ಡರ್ಬಿಷೈರ್ ಅವರ ಹೆಸರು ಧಾರಾವಾಹಿಯ ತೆರೆಯ ಮೇಲೆ ಬಂದದ್ದು 2013ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅದೇ ವರ್ಷ ಧಾರಾವಾಹಿಯ ಹುಟ್ಟಿನ ಕುರಿತು ಬಿಬಿಸಿ ತಯಾರಿಸಿದ ಚಿತ್ರದಲ್ಲಿ ವಾರಿಸ್ ಮತ್ತು ವೆರಿಟಿ ಮುಖ್ಯ ಪಾತ್ರಗಳಾದರು.

ಅಭಿಮಾನಿಗಳ ವಾದವನ್ನು ಹುಚ್ಚು ಎಂದು ತಳ್ಳಿಹಾಕುವವರಿಗೆ ಒಂದು ಮಾತು. ಜಾಗಕ್ಕಾಗಿ, ಹಣದ ಉಳಿತಾಯಕ್ಕಾಗಿ ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿಹಾಕಿತು. ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆ ಇಲ್ಲವಾದವು. 'ಮಾರ್ಕೊ ಪೋಲೊ'ದ ಒಂದು ಕಂತೂ ಉಳಿದಿಲ್ಲ. ಆದರೂ ಅದರ ಮಾತುಗಳನ್ನು ಇಂದು ನಾವು ಕೇಳಬಹುದು. ಏಕೆಂದರೆ ಆ ದಿನಗಳಲ್ಲಿ ಹುಡುಗರು ಮನೆಯ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟುಕೊಂಡಿದ್ದರು. ಸಂಸ್ಥೆ ಎಸೆದುದನ್ನು ನೋಡುಗರು ಕಾಪಾಡಿದರು.

ಜನಕತ್ವದ ಜಗಳಕ್ಕೆ ದುಡ್ಡಿನ ಮುಖವೂ ಉಂಟು. 2023ರಲ್ಲಿ ಅರವತ್ತು ವರ್ಷ ತುಂಬಿದಾಗ ಬಿಬಿಸಿ ಎಂಟುನೂರಕ್ಕೂ ಹೆಚ್ಚು ಕಂತುಗಳನ್ನು ಅಂತರ್ಜಾಲದಲ್ಲಿ ಒಟ್ಟಿಗೆ ಇಟ್ಟಿತು. ಕೋಬರ್ನ್ ಅವರ ವಾರಸುದಾರರ ಜೊತೆ ಹಕ್ಕಿನ ತಕರಾರು ಬಗೆಹರಿಯದ ಕಾರಣ ವಾರಿಸ್ ನಿರ್ದೇಶಿಸಿದ ಮೊದಲ ನಾಲ್ಕು ಕಂತುಗಳು ಮಾತ್ರ ಆ ರಾಶಿಯಲ್ಲಿ ಇರಲಿಲ್ಲ.