ಡಾಂಬರಿನ ಎರಡು ಮನೆತನ



ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಬಸ್ಸು ದಿನಾ ಬಂದು ನಿಲ್ಲುವ ಜಾಗವನ್ನು ಒಮ್ಮೆ ಗಮನಿಸಿ ನೋಡಿ. ಸುತ್ತಲಿನ ರಸ್ತೆ ಗಟ್ಟಿಯಾಗಿದ್ದರೂ ಅಲ್ಲಿ ಮಾತ್ರ ಜಲ್ಲಿ ಎದ್ದಿರುತ್ತದೆ. ಕಾಲಿನಲ್ಲಿ ಕೆದಕಿದರೆ ಕಲ್ಲು ಕಿತ್ತು ಬರುತ್ತದೆ. ಕಂಟ್ರಾಕ್ಟರನನ್ನು ಬಯ್ಯುವುದು ಸುಲಭ. ಆದರೆ ಈ ಒಂದು ವಿಷಯದಲ್ಲಿ ತಪ್ಪು ಪೂರ್ತಿ ಅವನದಲ್ಲ. ಬಸ್ಸಿನ ಹೊಟ್ಟೆಯಿಂದ ತೊಟ್ಟು ತೊಟ್ಟಾಗಿ ಬಿದ್ದ ಡೀಸೆಲ್ಲಿನದೂ ಇದೆ.

ಚಿಕ್ಕಂದಿನಲ್ಲಿ ಬಿಸಿಲಿಗೆ ಕರಗಿದ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿ, ಹಿಮ್ಮಡಿಗೆ ಡಾಂಬರು ಮೆತ್ತಿಸಿಕೊಂಡು ಬಂದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಸೋಪು ಹಾಕಿ ಉಜ್ಜಿದರೆ ಅದು ಹೋಗಲಿಲ್ಲ. ಅಮ್ಮ ಬಟ್ಟೆಯ ಚೂರಿಗೆ ಸೀಮೆಎಣ್ಣೆ ಹಾಕಿ ಒರೆಸಿದರು, ಹೋಯಿತು. ರಸ್ತೆ ಕೆಡುವ ಗುಟ್ಟೂ ಇದೇ. ಕಚ್ಚಾ ಎಣ್ಣೆಯನ್ನು ಕಾಯಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲು ಎಲ್ಲವನ್ನೂ ತೆಗೆದ ಮೇಲೆ ತಳದಲ್ಲಿ ಉಳಿಯುವ ಕರಿ ಅಂಟೇ ಇಂದಿನ ರಸ್ತೆಯ ಡಾಂಬರು, ಅಂದರೆ ಬಿಟುಮೆನ್. ನೂರು ಕಿಲೋ ರಸ್ತೆ ಮಿಶ್ರಣದಲ್ಲಿ ಅದು 5 ಕಿಲೋ ಆಸುಪಾಸು ಮಾತ್ರ. ಉಳಿದದ್ದೆಲ್ಲ ಕಲ್ಲು, ಪುಡಿ. ನೀರಿಗೆ ಅದು ಜಗ್ಗುವುದಿಲ್ಲ. ಮೊಹೆಂಜೊದಾರೋದ ದೊಡ್ಡ ಸ್ನಾನದ ಕೊಳ ಸೋರದಂತೆ 4000 ವರ್ಷಗಳಿಗೂ ಹಿಂದೆ ಬಳಿದದ್ದು ಇದೇ ಜಾತಿಯ ಅಂಟು. ಆದರೆ ಡೀಸೆಲ್ಲು ಅದರ ಒಡಹುಟ್ಟು. ಒಡಹುಟ್ಟು ಬಂದು ತಬ್ಬಿಕೊಂಡರೆ ಕರಗಿಬಿಡುತ್ತದೆ, ಕಲ್ಲನ್ನು ಹಿಡಿದ ಕೈ ಸಡಿಲವಾಗುತ್ತದೆ.

ಈಗ ಹೆಸರಿನ ವಿಚಾರಕ್ಕೆ ಬರೋಣ. ಹೊಸೂರು, ತಾಳವಾಡಿಯ ಕೇಳುಗರು ಪಕ್ಕದ ಮನೆಯವರ ಬಾಯಲ್ಲಿ ‘ತಾರ್ ರೋಡು’ ಎಂದು ಕೇಳುತ್ತೀರಿ. ರಾಯದುರ್ಗ, ಮಡಕಶಿರಾದವರು ‘ತಾರು’ ಎಂದು, ಕಾಸರಗೋಡಿನವರು ‘ಟಾರ್’ ಎಂದು ಕೇಳುತ್ತೀರಿ. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಮರಾಠಿಯ ‘ಡಾಂಬರ್’. ಎಲ್ಲ ಭಾಷೆಗಳೂ ಒಂದೇ ಹೆಸರಿನಲ್ಲಿ ಎರಡು ವಸ್ತುಗಳನ್ನು ಕರೆಯುತ್ತವೆ. ನಿಜವಾದ ಟಾರು ಎಣ್ಣೆಯ ಮನೆತನದ್ದಲ್ಲ, ಕಲ್ಲಿದ್ದಲಿನದು. ಗಾಳಿಯಿಲ್ಲದೆ ಕಲ್ಲಿದ್ದಲನ್ನು ಕಾಯಿಸಿ ಅನಿಲವನ್ನೋ ಕೋಕನ್ನೋ ತಯಾರಿಸುವಾಗ ಇಳಿಯುವ ಘಾಟು ವಾಸನೆಯ ದ್ರವ ಅದು. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯನ್ನು ಮರಾಠಿಯಲ್ಲಿ ‘ಡಾಂಬರ್ ಗೋಳಿ’ ಎನ್ನುತ್ತಾರಲ್ಲ, ಅಲ್ಲಿ ಹೆಸರು ಸರಿಯಾಗಿಯೇ ಕೂತಿದೆ. ಆ ಗುಳಿಗೆಯ ನ್ಯಾಫ್ತಲೀನ್ ಹುಟ್ಟಿದ್ದು ಕಲ್ಲಿದ್ದಲಿನ ಟಾರಿನಿಂದಲೇ.

ಲಂಡನ್ನಿನಲ್ಲಿ 1812ರಲ್ಲಿ ಅನಿಲದ ಕಂಪೆನಿ ಹುಟ್ಟಿ ಬೀದಿದೀಪಗಳು ಬಂದ ಮೇಲೆ ಈ ಟಾರು ಹೇರಳವಾಯಿತು. 1901ರಲ್ಲಿ ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಟಾರಿನ ಪೀಪಾಯಿಯೊಂದು ಒಡೆದು ರಸ್ತೆಗೆ ಚೆಲ್ಲಿತಂತೆ. ಯಾರೋ ಅದರ ಮೇಲೆ ಕಬ್ಬಿಣದ ಕಿಟ್ಟ ಸುರಿದರಂತೆ. ಆ ತುಣುಕಿನಲ್ಲಿ ಧೂಳೂ ಇಲ್ಲ, ಗಾಲಿಯ ಗುರುತೂ ಇಲ್ಲ ಎಂಬುದನ್ನು ಎಡ್ಗರ್ ಹೂಲಿ ಎಂಬ ಅಧಿಕಾರಿ ಕಂಡು, 1902ರಲ್ಲಿ ಟಾರ್‌ಮ್ಯಾಕ್‌ಗೆ ಪೇಟೆಂಟ್ ಪಡೆದ. ಆಮೇಲೆ ಮೋಟಾರು ಹೆಚ್ಚಿದಂತೆ ಎಣ್ಣೆ ಶುದ್ಧೀಕರಣವೂ ಹೆಚ್ಚಿತು, ಅಗ್ಗದ ಬಿಟುಮೆನ್ ರಸ್ತೆಗಿಳಿಯಿತು. ನಮ್ಮಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ 1954, 1955ರಲ್ಲಿ ದೊಡ್ಡ ಶುದ್ಧೀಕರಣಾಗಾರಗಳು ಶುರುವಾದವು. ವಸ್ತು ಬದಲಾಯಿತು, ಹೆಸರು ಉಳಿಯಿತು.

ಹಳೆಯ ಟಾರು ಮತ್ತೆ ನೆನಪಾದದ್ದು ಡೀಸೆಲ್ ಕಲೆಯಿಂದ. ಕಲ್ಲಿದ್ದಲಿನ ಟಾರು ಬೇರೆ ಮನೆತನದ್ದಾದ್ದರಿಂದ ಡೀಸೆಲ್ಲು, ವಿಮಾನದ ಸೀಮೆಎಣ್ಣೆ ಅದನ್ನು ಸುಲಭವಾಗಿ ಕರಗಿಸಲಾರವು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಟಾರನ್ನು ಜೇಡಿ, ನೀರು ಸೇರಿಸಿ ಕಡೆದು, ಅಂಗಡಿಗಳ ಮುಂದಿನ ವಾಹನ ನಿಲುಗಡೆಗಳಿಗೆ, ವಿಮಾನ ನಿಲ್ಲುವ ಅಂಗಳಗಳಿಗೆ ಬಳಿಯುವ ರೂಢಿ ಬೆಳೆಯಿತು. ಕಾಡಿಗೆಯಂತೆ ಮಿರುಗುವ ನೆಲ. ಎಣ್ಣೆ ಬಿದ್ದರೂ ಕೆಡದು. ಕೆಲವು ವರ್ಷಕ್ಕೊಮ್ಮೆ ಹೊಸ ಲೇಪ ಬಳಿದರೆ ಆಯಿತು.

ಆದರೆ ಹಳೆಯ ಲೇಪ ಎಲ್ಲಿಗೆ ಹೋಗುತ್ತಿತ್ತು? ಈ ಪ್ರಶ್ನೆಯನ್ನು ಬಹಳ ಕಾಲ ಯಾರೂ ಕೇಳಲಿಲ್ಲವೆಂಬುದೇ ನನಗೆ ಆಶ್ಚರ್ಯ. ಕಲ್ಲಿದ್ದಲಿನ ಮಸಿ ಹೊಗೆಗೂಡು ಗುಡಿಸುವ ಹುಡುಗರಿಗೆ ಮುಂದೆ ಕ್ಯಾನ್ಸರ್ ತರುತ್ತದೆಂದು ಲಂಡನ್ನಿನ ಪರ್ಸಿವಲ್ ಪಾಟ್ 1775ರಷ್ಟು ಹಿಂದೆಯೇ ಬರೆದಿದ್ದ. ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಟಾರು ಸವರಿ ಕ್ಯಾನ್ಸರ್ ಬರಿಸಿ ತೋರಿಸಿದ್ದು 1915ರಲ್ಲಿ. ಇಷ್ಟೆಲ್ಲ ಪುಸ್ತಕದಲ್ಲಿದ್ದರೂ ಅದೇ ಟಾರು ಶಾಲೆಯ ಅಂಗಳಕ್ಕೂ ಬಂತು.

ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಾರ್ಟನ್ ಸ್ಪ್ರಿಂಗ್ಸ್ ಎಂಬ ಚಿಲುಮೆ ಇದೆ. ಜನ ಈಜುವ ನೀರು ಅದು. ಹಲ್ಲಿಯಂತೆ ಕಾಣುವ ಸಾಲಮಾಂಡರ್ ಎಂಬ ಅಪರೂಪದ ಜೀವಿಗೂ ಅದೇ ಮನೆ. ಆ ಊರಿನ ಹಳ್ಳಗಳ ಕೆಸರಿನಲ್ಲಿ ಪಿ.ಎ.ಎಚ್. ಎಂಬ ವಿಷಗಳ ಗುಂಪು ಅತಿಯಾಗಿ ಸಿಕ್ಕಿತು. ಇಂಥವು ವಾಹನದ ಹೊಗೆಯಿಂದ ಬರುತ್ತವೆಂಬುದು ಆವರೆಗಿನ ತಿಳಿವಳಿಕೆ. ಹಳ್ಳದ ಜಾಡು ಹಿಡಿದು ಮೇಲೆ ಹೋದರೆ ಸಿಕ್ಕಿದ್ದು ವಾಹನ ನಿಲುಗಡೆಯ ಕರಿ ನೆಲ! ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯ ಬಾರ್ಬರಾ ಮಾಹ್ಲರ್, ಪೀಟರ್ ವ್ಯಾನ್ ಮೀಟರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಟಾರು ಬಳಿದ ನೆಲದಿಂದ ತೊಳೆದು ಹೋಗುವ ಕಣಗಳಲ್ಲಿ ಈ ವಿಷ, ಲೇಪವಿಲ್ಲದ ನೆಲದ ಕಣಗಳಲ್ಲಿ ಇರುವುದಕ್ಕಿಂತ 65 ಪಟ್ಟು. ಟೈರು ತೇಯ್ದ ಪುಡಿ ಮಳೆಗೆ ಹಳ್ಳ ಸೇರುತ್ತಿತ್ತು, ಚಪ್ಪಲಿಗೆ ಅಂಟಿ ಮನೆಯೊಳಗೂ ಬರುತ್ತಿತ್ತು. ತಯಾರಕರು ಒಪ್ಪಲಿಲ್ಲ, ವಾದ ವರ್ಷಗಟ್ಟಲೆ ನಡೆಯಿತು. ಆಸ್ಟಿನ್ ಕಾಯಲಿಲ್ಲ. 2006ರ ಜನವರಿಯಿಂದ ಟಾರಿನ ಲೇಪವನ್ನು ನಿಷೇಧಿಸಿತು. 2014ರಲ್ಲಿ ಬಂದ ವರದಿಯ ಪ್ರಕಾರ ಆ ಊರಿನ ಕೆರೆಯ ಹೊಸ ಹೂಳಿನಲ್ಲಿ ವಿಷ ಶೇಕಡಾ 58ರಷ್ಟು ಇಳಿದಿತ್ತು. ವಾಷಿಂಗ್ಟನ್ ರಾಜ್ಯ 2011ರಲ್ಲಿ ಅದೇ ದಾರಿ ಹಿಡಿಯಿತು, ಮಿನ್ನೆಸೋಟಾ 2014ರಿಂದ.

ಹಾಗಾದರೆ ಡೀಸೆಲ್ಲಿಗೆ ಏನು ಮದ್ದು? ಪಾಲಿಮರ್ ಬೆರೆಸಿ ಬಿಟುಮೆನ್ನನ್ನೇ ಗಟ್ಟಿ ಮಾಡುವುದು ಒಂದು ದಾರಿ. ಇನ್ನೊಂದನ್ನು ನೀವು ನಿತ್ಯ ನೋಡುತ್ತೀರಿ. ಹೆದ್ದಾರಿಯ ಟೋಲ್ ಗೇಟು ಬರುತ್ತಿದ್ದಂತೆ ಕರಿ ರಸ್ತೆ ಮುಗಿದು ಬಿಳಿ ಕಾಂಕ್ರೀಟು ಶುರುವಾಗುತ್ತದಲ್ಲ, ಅಲ್ಲಿ ಲಾರಿಗಳು ನಿಂತು ನಿಂತು ಹೋಗುವಾಗ ಎಣ್ಣೆ ತೊಟ್ಟಿಕ್ಕುತ್ತದೆ. ಕಾಂಕ್ರೀಟಿನ ಸಿಮೆಂಟನ್ನು ಡೀಸೆಲ್ಲು ಕರಗಿಸಲಾರದು. ಪೆಟ್ರೋಲ್ ಬಂಕಿನ ಅಂಗಳಕ್ಕೆ ಕಾಂಕ್ರೀಟೋ ಸಿಮೆಂಟಿನ ಬಿಲ್ಲೆಯೋ ಹಾಕುವುದೂ ಅದಕ್ಕೇ.

ನಿಮ್ಮ ಮನೆ ಮುಂದೆ ಟ್ರ್ಯಾಕ್ಟರಿನ ಡೀಸೆಲ್ಲು ಚೆಲ್ಲಿದರೆ ನೀರು ಸುರಿದು ಚರಂಡಿಗೆ ನೂಕಬೇಡಿ. ಒಣ ಮರಳನ್ನೋ ಮರದ ಹೊಟ್ಟನ್ನೋ ಹಾಕಿ, ಹೀರಿಕೊಳ್ಳಲು ಬಿಟ್ಟು, ಗುಡಿಸಿ ತೆಗೆಯಿರಿ. ಬಾವಿಯಿಂದ ದೂರ ಹಾಕಿ, ಬೆಂಕಿಯ ಹತ್ತಿರವಂತೂ ಬೇಡ.